ಅಳಿಯಂದಿರ ಮೀನು

ನನ್ನ ಹೆಂಡತಿಯ ಊರಿನಲ್ಲಿ ಭಾನುವಾರ ಬೆಳಿಗ್ಗೆ ಯಾರ ಮನೆಯ ಬಾಗಿಲು ಬಡಿದರೂ ಪ್ರಯೋಜನವಿಲ್ಲ. ಊರಿಗೆ ಊರೇ ಕೆರೆ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂತಿರುತ್ತದೆ. ಕೆರೆ ಅಂದರೆ ಬೋರ್ಡು ಹಾಕಿ ಟಿಕೆಟ್ ಹರಿಯುವಂಥ ಕೆರೆಯೇನಲ್ಲ. ಈ ದಂಡೆಯಲ್ಲಿ ಯಾರಾದರೂ ಸೀನಿದರೆ ಆ ದಂಡೆಯವರು ತಿರುಗಿ ನೋಡುತ್ತಾರೆ, ಅಷ್ಟು ಚಿಕ್ಕದು. ಸುತ್ತ ಕಲ್ಲಿನ ಮೆಟ್ಟಿಲು, ಮೇಲೆ ನಾಲ್ಕಾರು ಹುಣಸೆಮರ, ಮಕ್ಕಳನ್ನು ಕೂರಿಸಿಕೊಂಡು ಗಿರಗಿರ ಸುತ್ತುವ ಒಂದು ಹರಗೋಲು, ಕಡಲೆಕಾಯಿ ಗಾಡಿ. ಇಷ್ಟಿದ್ದರೆ ಅವರಿಗೆ ಭಾನುವಾರ ಕಳೆಯಿತು.

ಊರಿನ ಪ್ರತಿಯೊಬ್ಬರಿಗೂ ಆ ಕೆರೆಯಲ್ಲಿ ಒಂದು ಮೀನಿದೆ. ಒಬ್ಬರ ಮೀನು ಇನ್ನೊಬ್ಬರ ಗಾಳದ ಹತ್ತಿರ ಸುಳಿಯುವುದೂ ಇಲ್ಲ. ತನ್ನವರ ಗಾಳಕ್ಕಾದರೂ ಅದು ಬರುವುದು ತನ್ನವರ ಮನಸ್ಸು ಯಾವುದನ್ನು ತಿನ್ನಲು ಆಸೆಪಡುತ್ತದೋ ಅದಕ್ಕೆ ಮಾತ್ರ. ನಾಲಿಗೆಯ ಮೇಲೆ ಹೇಳುವ ಆಸೆಗಲ್ಲ, ಒಳಗಿರುವ ಆಸೆಗೆ. ಬಂದ ಮೀನನ್ನು ಎತ್ತಿ, ಅಕ್ಕಪಕ್ಕದವರಿಗೆ ತೋರಿಸಿ, ಬೆನ್ನು ಸವರಿ ಮತ್ತೆ ನೀರಿಗೆ ಬಿಡುತ್ತಾರೆ. ತಿನ್ನುವ ಮೀನು ಬೇರೆ, ಅದು ಬುಧವಾರ ಸಮುದ್ರದ ಕಡೆಯಿಂದ ವ್ಯಾನಿನಲ್ಲಿ ಬರುತ್ತದೆ.

ಹೀಗಾಗಿ ಎರೆಯ ಡಬ್ಬಿಯನ್ನು ಅಲ್ಲಿ ಒಡವೆ ಡಬ್ಬಿಗಿಂತ ಜೋಪಾನ ಮಾಡುತ್ತಾರೆ. ಹೆಂಗಸರು ಅದರ ಮೇಲೆ ಸೆರಗು ಮುಚ್ಚಿಕೊಂಡಿರುತ್ತಾರೆ, ಗಂಡಸರು ಟವೆಲ್ಲು. ಡಾಕ್ಟರು ಭಾನುವಾರ ದವಾಖಾನೆ ತೆರೆಯುವುದಿಲ್ಲ, ದಂಡೆಯ ಮೇಲೆ ಕೈಕಟ್ಟಿಕೊಂಡು ಒಂದು ಸುತ್ತು ಬರುತ್ತಾರೆ, ಊರಿನ ಆರೋಗ್ಯವೆಲ್ಲ ಅವರಿಗೆ ಗೊತ್ತಾಗುತ್ತದೆ. ನನ್ನ ಮಾವ ಬೋರಲಿಂಗಯ್ಯನವರಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಿ ಯಾವ ಕಾಲವಾಯಿತೋ ಎಂದು ದೇವರ ಮೇಲೆ ಆಣೆ ಇಡುತ್ತಾರೆ. ಅವರ ಮೀನು ಮಾತ್ರ ಜಹಾಂಗೀರಿಗಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆಯದು. "ಬೋರಲಿಂಗಯ್ನೋರೆ, ಮೀನು ಒಳ್ಳೆ ಮೈಕೈ ತುಂಬ್ಕೊಂಡಿದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದು ರಕ್ತ ಕೊಟ್ಟು ಹೋಗಿ," ಅನ್ನುತ್ತಾರೆ ಡಾಕ್ಟರು. ಮಾವ ಮೀನಿನ ಕಡೆ ನೋಡುವ ನೋಟವನ್ನು ಶತ್ರುವಿಗೂ ಬಯಸಬಾರದು.

ನಾನು ಆ ಊರಿಗೆ ಮನೆ ಅಳಿಯನಾಗಿ ಹೋದವನು. ನನ್ನದು ಜೋಳದ ಸೀಮೆ. ಹೆಸರು ಶಿವಪುತ್ರ, ಹೊಲಿಗೆ ಮೆಷಿನ್ ರಿಪೇರಿ ನನ್ನ ಕಸುಬು. ಹೊರಗಿನಿಂದ ಬಂದ ಸೊಸೆಗಾಗಲಿ ಅಳಿಯನಿಗಾಗಲಿ ಮೊದಲ ಮಳೆಗಾಲ ಕಳೆಯುವುದರೊಳಗೆ ಕೆರೆಯಲ್ಲಿ ಒಂದು ಮೀನು ಹುಟ್ಟಿ ಗಾಳಕ್ಕೆ ಬೀಳುವುದು ವಾಡಿಕೆ. ಬೀಳುವ ತನಕ ಅವರು ಊರಿನವರಲ್ಲ, ನೆಂಟರು. ನನಗೆ ಬೀಳಲಿಲ್ಲ. ಆರು ವರ್ಷ ಭಾನುವಾರ ತಪ್ಪದೆ ಕೂತೆ, ನನ್ನ ಗಾಳದ ಬೆಂಡು ಒಮ್ಮೆಯೂ ತಲೆ ಅಲ್ಲಾಡಿಸಲಿಲ್ಲ.

ನೆಂಟನಾಗಿರುವುದು ಎರಡು ದಿನ ಸುಖ. ಆರು ವರ್ಷ ನೆಂಟನಾಗಿ ಇದ್ದು ನೋಡಿ. ಕ್ಷೌರದಂಗಡಿಗೆ ಹೋದರೆ ಅರ್ಧ ಗಡ್ಡ ಹೆರೆಸಿಕೊಂಡವನನ್ನು ಎಬ್ಬಿಸಿ ನನ್ನನ್ನು ಕೂರಿಸುತ್ತಿದ್ದರು. ನಲ್ಲಿಯಲ್ಲಿ ಬಿಂದಿಗೆ ಹಿಡಿದರೆ ನಾಲ್ಕು ಜನ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು. ನೆಂಟರ ಕೈಲಿ ಕೆಲಸ ಮಾಡಿಸಿಕೊಳ್ಳುವುದುಂಟೆ ಎಂದು ಕೆಟ್ಟ ಹೊಲಿಗೆ ಮೆಷಿನ್ನುಗಳನ್ನು ಪಕ್ಕದ ಊರಿಗೆ ಹೊತ್ತರು. ಯಾರ ಮನೆಗೆ ಹೋದರೂ ಬೆಳ್ಳಿ ಲೋಟದಲ್ಲಿ ಕಾಫಿ. ಸಭೆಯಲ್ಲಿ ಮುಂದಿನ ಕುರ್ಚಿ ನನಗೆ, ಆದರೆ ಬಾಯಿ ತೆರೆದರೆ ಮಾತು ಕೇಳಿಸಿಕೊಳ್ಳುವ ಬದಲು ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದರು. ಇಡೀ ಊರು ನನ್ನನ್ನು 'ಅಳಿಯಂದ್ರೆ' ಎಂದೇ ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆಯಬಾರದೆಂದು ನಾನೇ ಆಗಾಗ ಸ್ನಾನ ಮಾಡುವಾಗ ಹೇಳಿಕೊಳ್ಳುತ್ತಿದ್ದೆ.

ನನಗಿಂತ ಪೇಚಾಟ ನನ್ನ ಹೆಂಡತಿ ವನಮಾಲಳದು. ಗಂಡ ಹೆಂಡತಿ ಅಂದ ಮೇಲೆ ಜಗಳ ಬರುತ್ತದೆ. ನಮ್ಮ ದನಿ ಏರುತ್ತಿದ್ದಂತೆ ಅತ್ತೆ ಅಡಿಗೆ ಮನೆಯಿಂದ ಬಂದು ಅವಳೊಬ್ಬಳನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ನೆಂಟರ ಹತ್ರ ಹಿಂಗಾ ಮಾತಾಡೋದು? ನಾನು ಇದೇನಾ ನಿಂಗೆ ಕಲಿಸಿದ್ದು?" ಅತ್ತೆ ಒಳಗೆ ಹೋದ ಮೇಲೆ ವನಮಾಲ ಹಲ್ಲು ಕಚ್ಚಿ, "ತಪ್ಪು ನಿಮ್ಮದು. ನಿಮ್ಮ ಪಾಲಿನ ಬೈಗುಳಾನೂ ನಾನೇ ತಿಂತಾ ಇದೀನಿ," ಅನ್ನುತ್ತಿದ್ದಳು. ಅದು ನಿಜವೂ ಹೌದು.

ಅತ್ತೆಯ ಹೆಸರು ಕೆಂಪನಂಜಮ್ಮ. ಕೈ ರುಚಿಯಲ್ಲಿ ಆ ಊರಿಗೇ ಅವರು ಮುಂದು. ಎರೆಯನ್ನು ಮನೆಯ ಹೆಂಗಸರೇ ಮನೆಯ ಒಲೆಯ ಮೇಲೆ ಮಾಡಿ ಡಬ್ಬಿ ತುಂಬಿಸಿ ಕೊಡಬೇಕು, ಹೊರಗಿನಿಂದ ತಂದರೆ ಆ ಒಲೆಗೆ ಅವಮಾನ. ಅತ್ತೆ ನನಗಾಗಿ ಒಂದು ಭಾನುವಾರ ಒಬ್ಬಟ್ಟು ಮಾಡಿದರೆ ಮುಂದಿನ ಭಾನುವಾರ ಕಜ್ಜಾಯ, ಅದರ ಮುಂದಿನ ವಾರ ಕಾಯಿಹಾಲು ಹಾಕಿದ ಸಿಹಿಗಡುಬು. ದಂಡೆಯಲ್ಲಿ ಪಕ್ಕದಲ್ಲೇ ಕೂತು, ಬೆಂಡಿನ ಮೇಲೆ ನೆಟ್ಟ ಕಣ್ಣು ತೆಗೆಯದೆ ಕೇಳುತ್ತಿದ್ದರು. "ಏನ್ ಅಳಿಯಂದ್ರೆ, ಇದಾದ್ರೂ ಹಿಡಿಸ್ತಾ?"

"ಬಹಳ ಚೆನ್ನಾಗಿದೆ ಅತ್ತೆ," ಎನ್ನುತ್ತಿದ್ದೆ ನಾನು.

ಇನ್ನೇನು ಹೇಳಲಿ? ಉಂಡ ಮನೆಯ ಜಂತಿ ಎಣಿಸಬಾರದು ಎಂದು ಕಲಿತು ಬೆಳೆದವನು ನಾನು. ಅಡಿಗೆ ಕೆಟ್ಟದಾಗಿತ್ತೆಂದೂ ಅಲ್ಲ. ಅವರ ಸಾರಿಗೆ ಚೂರು ಬೆಲ್ಲ, ಹುಳಿಗೆ ಚೂರು ಬೆಲ್ಲ, ಪಲ್ಯದ ಮೇಲೆ ಮಲ್ಲಿಗೆ ಚೆಲ್ಲಿದ ಹಾಗೆ ತೆಂಗಿನತುರಿ. ಉಪ್ಪಿನಕಾಯಿಯ ಮೇಲೂ ಅವರ ಕಣ್ಣಿದೆ ಎಂದು ನನಗೆ ಗುಮಾನಿಯಿತ್ತು. ಒಂದು ಊಟ, ಎರಡು ಊಟ ಆನಂದವಾಗಿ ಉಣ್ಣಬಹುದು. ಆದರೆ ಮೆಚ್ಚಿದ್ದೇನೆ ಎಂದು ಆರು ವರ್ಷ ದಿನಾ ಎರಡು ಹೊತ್ತು ಹೇಳಿ ಹೇಳಿ, ನನಗೆ ಮತ್ತೇನೋ ಬೇಕು ಎನ್ನುವುದೇ ನನಗೆ ಮರೆತುಹೋಗಿತ್ತು.

ಊರಿನವರು ನೆಂಟರ ಮನಸ್ಸು ನೋಯಿಸುವವರಲ್ಲ. ನನ್ನ ಮೀನು ಇನ್ನೂ ಮರಿಯಿರಬೇಕು ಎಂದು ಒಬ್ಬರು, ಸ್ವಲ್ಪ ಕಿವುಡಿರಬೇಕು ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಿದ್ದರು. ಬೆನ್ನ ಹಿಂದೆ ಮಾತ್ರ ಮಾತು ಅತ್ತೆಯ ಮೇಲೆ ತಿರುಗುತ್ತಿತ್ತು. ಅಷ್ಟು ದೊಡ್ಡ ಕೈಯಂತೆ, ಒಬ್ಬ ಅಳಿಯನ ಬಾಯಿ ಗೆಲ್ಲೋಕಾಗಲಿಲ್ಲವಂತೆ. ಅದು ಅತ್ತೆಯ ಕಿವಿಗೂ ಬೀಳುತ್ತಿತ್ತು. ಮನೆಗೆ ಬಂದು ಡಬ್ಬಿಯಲ್ಲಿ ಉಳಿದದ್ದನ್ನು ಕಾಗೆಗೆ ಹಾಕಿ, ಯಾರಿಗೂ ಮುಖ ತೋರಿಸದೆ ಡಬ್ಬಿ ತಿಕ್ಕುತ್ತಿದ್ದರು.

ನೆಂಟ ಎಂದ ಮೇಲೆ ಒಂದು ದಿನ ಹೊರಡಲೇಬೇಕಲ್ಲ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಮೀನು ತೋರಿಸುವ ಭಾನುವಾರ ಬರುತ್ತದೆ, ಅಂದು ಎಲ್ಲರೂ ಸರದಿಯ ಮೇಲೆ ನಡುಮೆಟ್ಟಿಲಿಗೆ ಬಂದು ಎಲ್ಲರೆದುರು ಗಾಳ ಹಾಕುತ್ತಾರೆ. ಆ ಸಲ ಕೆರೆ ಸಂಘದವರು ಸೇರಿ, ಅಳಿಯಂದಿರನ್ನು ಇಷ್ಟು ವರ್ಷ ಇಟ್ಟುಕೊಂಡದ್ದೇ ಅವರಿಗೆ ಮಾಡಿದ ಅಗೌರವ, ಆ ಭಾನುವಾರವೂ ಮೀನು ಬರದಿದ್ದರೆ ಶಾಲು ಹೊದಿಸಿ, ಬುಟ್ಟಿ ತುಂಬ ಹಣ್ಣು ಕೊಟ್ಟು, ಬ್ಯಾಂಡಿನೊಂದಿಗೆ ಬಸ್ ಸ್ಟ್ಯಾಂಡಿನ ತನಕ ಕಳಿಸಿಕೊಡುವುದು ಎಂದು ತೀರ್ಮಾನಿಸಿದರು. ಸಂಘದ ಅಧ್ಯಕ್ಷರು ನನ್ನ ಮಾವನೇ. ಕಣ್ಣೊರೆಸಿಕೊಂಡೇ ಓದಿ ಹೇಳಿದರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಟೈಲರ್ ಬಂದು ಬೀಳ್ಕೊಡುಗೆಯ ಅಂಗಿಗೆ ನನ್ನ ಅಳತೆ ತೆಗೆದುಕೊಂಡು ಹೋದ.

ನಾನು ಹೊರಟರೆ ವನಮಾಲ ಬರದೆ ಇರುತ್ತಾಳೆಯೆ? ಆದರೆ ಆ ಊರಿನವರ ಪಾಡು ಬೇರೆ. ಮೀನು ಇಲ್ಲಿ, ಮನುಷ್ಯ ಅಲ್ಲಿ ಎಂದಾದರೆ ಅವರಿಗೆ ಎಲ್ಲಿಯ ಅನ್ನವೂ ರುಚಿಸುವುದಿಲ್ಲ, ವರ್ಷದೊಳಗೆ ಕಡ್ಡಿಯಾಗುತ್ತಾರೆ. ಅವಳು ಅದರ ಮಾತೆತ್ತಲಿಲ್ಲ. ಟ್ರಂಕಿಗೆ ಸೀರೆ ಜೋಡಿಸುತ್ತಾ, ತಲೆ ಎತ್ತದೆ ಕೇಳಿದಳು. "ಒಂದು ಸಲ ನಿಜ ಹೇಳ್ತೀರಾ? ನಿಮಗೆ ಏನ್ ತಿನ್ಬೇಕು ಅನ್ಸುತ್ತೆ?"

"ಅತ್ತೆ ಮಾಡಿದ ಒಬ್ಬಟ್ಟು."

"ಅಮ್ಮ ಇಲ್ಲಿಲ್ಲ. ದೇವಸ್ಥಾನಕ್ಕೆ ಹೋಗಿದಾಳೆ."

ಅವಳು ಸೀರೆ ಕೆಳಗಿಟ್ಟಳು. "ನಿದ್ದೇಲಿ ಏನ್ ಮಾಡ್ತೀರಾ ಗೊತ್ತಾ ನೀವು? ಹಾಸಿಗೆ ಮೇಲೆ ಪಟಪಟ ಅಂತ ಕೈ ಬಡೀತೀರಾ. ನಾನು ಮೊದಲು ಸೊಳ್ಳೆ ಅನ್ಕೊಂಡಿದ್ದೆ. ಸೊಳ್ಳೆ ಹೊಡೆಯೋರು ಹಂಗೆ ದುಂಡಗೆ ಸುತ್ತಿ ಸುತ್ತಿ ಹೊಡೆಯಲ್ಲ."

ರೊಟ್ಟಿ. ಬಡಿಯುತ್ತಿದ್ದದ್ದು ರೊಟ್ಟಿ. ಅವಳು ಹೇಳಿದ್ದೇ ತಡ, ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಹಸಿ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ನಿಂಬೆಹುಳಿ ಸೇರಿಸಿ ಕುಟ್ಟಿದ ನಮ್ಮ ಕಡೆಯ ಕೆಂಪು ಚಟ್ನಿ. ನನ್ನ ಹೆಂಡತಿಯ ಮುಂದೆ ನಾನು ಅಂದು ಅತ್ತುಬಿಟ್ಟೆ. ಮಳ್ಳನ ಹಾಗೆ ಬಿಕ್ಕಿದೆ. ಅವಳೂ ಅಳುತ್ತಾ ನಗುತ್ತಾ, "ಅಯ್ಯೋ ಇಷ್ಟಕ್ಕಾ, ಇಷ್ಟಕ್ಕಾ," ಎಂದಳು.

ಇಷ್ಟೇ ಆಗಿದ್ದರೆ ಸುಲಭವಿತ್ತು. ಕೆಂಪು ಚಟ್ನಿಗೆ ಮೀನು ಬಂದರೆ ನಾನು ಉಳಿಯುತ್ತೇನೆ, ನಿಜ. ಆದರೆ ಆರು ವರ್ಷ 'ಬಹಳ ಚೆನ್ನಾಗಿದೆ' ಅಂದದ್ದೆಲ್ಲ ಸುಳ್ಳೆಂದು ಇಡೀ ಊರಿನೆದುರು ಅತ್ತೆಗೆ ಗೊತ್ತಾಗುತ್ತದೆ. ಆ ಊರಿನಲ್ಲಿ ಮೀನಿನ ಮಾತಿಗೆ ಮೇಲ್ಮನವಿ ಇಲ್ಲ. ಬ್ಯಾಂಡಿನೊಂದಿಗೆ ಬಸ್ಸು ಹತ್ತುವುದೇ ವಾಸಿ ಎಂದು ನನಗೆ ಎರಡು ದಿನ ಅನ್ನಿಸಿತು. ಮೂರನೆಯ ದಿನ ವನಮಾಲ ಒಂದು ಪೊಟ್ಟಣ ಜೋಳ ತಂದಳು. ಆ ಊರಿನಲ್ಲಿ ಜೋಳ ಸಿಗುವುದು ಗಿಣಿ ಸಾಕುವವರಿಗೆ ಮಾತ್ರ. ಅಂಗಡಿಯವನು ಯಾವ ಜಾತಿಯ ಗಿಣಿ ಎಂದು ಕೇಳಿದನಂತೆ. "ದೊಡ್ಡದು, ಮಾತು ಕಮ್ಮಿ," ಅಂದಳಂತೆ ಇವಳು.

ಅತ್ತೆಯ ಒಲೆ ಮುಟ್ಟುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಮೂರು ಇಟ್ಟಿಗೆ ಹೂಡಿ ರೊಟ್ಟಿ ಬಡಿದೆ, ಅಲ್ಲೇ ಕಲ್ಲಿನ ಮೇಲೆ ಮೆಣಸಿನಕಾಯಿ ಕುಟ್ಟಿದೆ. ಗಾಳಿ ಬೀದಿಯ ಕಡೆಗೆ ಬೀಸುತ್ತಿತ್ತು. ಮೊದಲು ಪಕ್ಕದ ಮನೆಯಲ್ಲಿ ಸೀನಿದರು, ಆಮೇಲೆ ಎದುರು ಮನೆಯಲ್ಲಿ, ಆಮೇಲೆ ಸಾಲಾಗಿ ಬೀದಿಯ ಕೊನೆಯ ತನಕ. ಕೆಳಗಿನಿಂದ ಅತ್ತೆ ಕೂಗಿದರು. "ವನಮಾಲಾ, ಯಾರೋ ಯಾರಿಗೋ ದೃಷ್ಟಿ ತೆಗೀತಾ ಇದಾರೆ ಕಣೇ. ಮೆಣಸಿನಕಾಯಿ ಎಷ್ಟು ಸುಟ್ಟಿದಾರೋ, ಪಾಪ, ದೊಡ್ಡ ದೃಷ್ಟಿನೇ ಇರ್ಬೇಕು."

ಮೀನು ತೋರಿಸುವ ಭಾನುವಾರ ಬಂತು. ನಡುಮೆಟ್ಟಿಲಿನ ಪಕ್ಕದಲ್ಲಿ ಶಾಲು, ಹಣ್ಣಿನ ಬುಟ್ಟಿ, ಹೊಸ ಅಂಗಿ. ಹುಣಸೆಮರದ ಕೆಳಗೆ ಬ್ಯಾಂಡಿನವರು. ಒಬ್ಬೊಬ್ಬರೇ ಬಂದು ಮೀನು ತೋರಿಸಿ ಹೋದರು. ಮಾವನ ಮೀನು ಎಂದಿನಂತೆ ಜಹಾಂಗೀರು ತಿಂದು ಡಾಕ್ಟರಿಗೆ ಬೆನ್ನು ತೋರಿಸಿತು. ಕೊನೆಯ ಸರದಿ ನನ್ನದು. ಅತ್ತೆ ಡಬ್ಬಿ ತಂದು ನನ್ನ ಕೈಗಿಟ್ಟರು. ಹಿಂದಿನ ದಿನವೆಲ್ಲ ಕೂತು ಹಾಲುಬಾಯಿ ಮಾಡಿದ್ದರು. "ಇದೊಂದು ನೋಡಿ ಅಳಿಯಂದ್ರೆ," ಅಂದರು.

ಹಾಲುಬಾಯಿಯನ್ನೇ ಮೊದಲು ಗಾಳಕ್ಕೆ ಸಿಕ್ಕಿಸಿದೆ. ಬರಲಿ ಎಂದು ನಾನೂ ಮನಸಾರೆ ಬೇಡಿಕೊಂಡೆ. ಬೆಂಡು ಅಲುಗಲಿಲ್ಲ. ಬ್ಯಾಂಡಿನವನು ಮೆಲ್ಲಗೆ ಡ್ರಮ್ಮಿನ ಹಗ್ಗ ಬಿಗಿದ. ಸಂಘದ ಒಬ್ಬರು ಶಾಲಿನ ಮಡಿಕೆ ಬಿಚ್ಚಿದರು. ವನಮಾಲ ನೀರನ್ನು ನೋಡುತ್ತಾ ನಿಂತಿದ್ದಳು, ಅವಳ ಮೀನು ಮೆಟ್ಟಿಲ ಬುಡದಲ್ಲೇ ಸುಳಿದಾಡುತ್ತಿತ್ತು. ನಾನು ಜೇಬಿನಿಂದ ಚಿಕ್ಕ ಡಬ್ಬಿ ತೆಗೆದು, ರೊಟ್ಟಿಯ ಚೂರನ್ನು ಚಟ್ನಿಯಲ್ಲಿ ಹೊರಳಿಸಿ ನೀರಿಗೆ ಬಿಟ್ಟೆ.

ಅದು ಬಂದದ್ದಲ್ಲ, ಬಡಿದದ್ದು. ಕೋಲು ಕೈಯಿಂದ ಹಾರಿಹೋಗುವುದರಲ್ಲಿತ್ತು. ನೀಳವಾದ, ಒಣಕಲು ಮೈಯ, ಮೀಸೆ ಹೊತ್ತ ಮೀನು, ಆರು ವರ್ಷದ ಸಿಟ್ಟನ್ನೆಲ್ಲ ಬಾಲದಲ್ಲಿ ತುಂಬಿಕೊಂಡು ನನ್ನ ಕೆನ್ನೆಗೆ ಎರಡು ಬಾರಿಸಿತು. "ಬಂತ್ ನೋಡ್ರೀ ಯವ್ವಾ! ನಂದ ಐತ್ರೀ ಇದು, ನಂದ!" ಎಂದು ನಾನು ಕಿರುಚಿದ್ದು ನನಗೇ ಆಮೇಲೆ ಗೊತ್ತಾಯಿತು. ಆ ಊರಿನಲ್ಲಿ ನನ್ನ ಸೀಮೆಯ ಮಾತನ್ನು ಯಾರೂ ಕೇಳಿಯೇ ಇರಲಿಲ್ಲ. ದಂಡೆಯೆಲ್ಲ ಎದ್ದು ನಿಂತು ಕೇಕೆ ಹಾಕಿತು. ಬ್ಯಾಂಡಿನವರು ಯಾಕೆಂದು ವಿಚಾರಿಸದೆ ಬಾರಿಸತೊಡಗಿದರು.

ಆಮೇಲೆ ಚಟ್ನಿಯ ಘಾಟು ಜನರ ಮೂಗಿಗೆ ಮುಟ್ಟಿತು. ಗದ್ದಲ ನಿಂತು ಎಲ್ಲರ ತಲೆಯೂ ಅತ್ತೆಯ ಕಡೆ ತಿರುಗಿತು. ಅವರು ಮೆಟ್ಟಿಲಿಳಿದು ಬಂದು, ನನ್ನ ಡಬ್ಬಿಯಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡರು. ಮುಖ ಕೆಂಪಾಯಿತು. ಕಣ್ಣಲ್ಲಿ ಬಂದ ನೀರು ಖಾರದ್ದೋ ಮತ್ತೊಂದೋ ನಾನು ಹೇಳಲಾರೆ.

"ಆರು ವರ್ಷ ಚೆನ್ನಾಗಿದೆ ಚೆನ್ನಾಗಿದೆ ಅಂದ್ರಲ್ಲ ಅಳಿಯಂದ್ರೆ," ಅಂದರು. "ಚೆನ್ನಾಗಿತ್ತಾ?"

ಅವರು ಹಾಲುಬಾಯಿಯ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು.

ಮರುದಿನದಿಂದ ನಾನು ಊರಿನವನಾದೆ. ಕ್ಷೌರದಂಗಡಿಯಲ್ಲಿ ಮಧ್ಯಾಹ್ನದ ತನಕ ಕಾಯಿಸಿದರು. ಕೆರೆಯ ಅಂತರಗಂಗೆ ಕಳೆ ಕೀಳುವ ಪಾಳಿಗೆ ನನ್ನನ್ನು ಹಾಕಿ, ಬುಡಸಮೇತ ಕೀಳಲಿಲ್ಲವೆಂದು ಬೈದರು. ರಿಪೇರಿಗೆ ಮೆಷಿನ್ನುಗಳು ಬಂದವು, ಮಜೂರಿಯಲ್ಲಿ ಚೌಕಾಸಿಯೂ ಆಯಿತು. "ಏಯ್ ಶಿವಪುತ್ರ, ಸೈಕಲ್ ಅಡ್ಡ ನಿಲ್ಸಿದೀಯಲ್ಲೋ, ಇದೇನ್ ನಿಮ್ಮಪ್ಪನ ಮನೆ ಬೀದಿನಾ?" ಎಂದು ಯಾರೋ ಕೂಗಿದಾಗ ನನಗಾದ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಬೀಳ್ಕೊಡುಗೆಯ ಶಾಲು ವ್ಯರ್ಥವಾಗಬಾರದೆಂದು ಮಾವ ಹೊದ್ದುಕೊಂಡು ತಿರುಗಿದರು.

ಅತ್ತೆಗೆ ಮಾತ್ರ ನಾನು ಮೊದಲಿಗಿಂತ ದೊಡ್ಡ ನೆಂಟನಾದೆ. ದಿನಾ ತಟ್ಟೆಯ ಬದಲು ಬಾಳೆಲೆ. ಸುತ್ತ ಕುಡಿಕೆಗಳಲ್ಲಿ ತುಪ್ಪ, ಮೊಸರು. ಬಡಿಸಿ, ಎರಡು ಹೆಜ್ಜೆ ಹಿಂದೆ ನಿಂತು, "ಊಟ ಹೆಂಗಿದೆಯೋ ಏನೋ. ತಪ್ಪಿದ್ರೆ ಕ್ಷಮಿಸ್ಬೇಕು ಅಳಿಯಂದ್ರು," ಅನ್ನುತ್ತಿದ್ದರು. ಒಂದು ದಿನ ಬೈದುಬಿಡಿ ಅತ್ತೆ ಎಂದು ಕೈಮುಗಿದು ಕೇಳಿದೆ. "ನೆಂಟರನ್ನ ಬೈಯೋ ಮನೆತನ ಅಲ್ಲ ನಮ್ದು," ಎಂದು ಇನ್ನೊಂದು ಚಮಚ ತುಪ್ಪ ಹಾಕಿದರು. ಊರೆಲ್ಲ ನನ್ನದಾಗಿ, ನನಗೆ ಉಣ್ಣಲು ಇಡುವ ಕೈಯೊಂದು ದೂರವಾಯಿತಲ್ಲ ಎಂದು ನಾನು ನಿಜವಾಗಿ ನೊಂದೆ.

ತಾರಸಿಯ ಒಲೆ ನಡೆಯುತ್ತಲೇ ಇತ್ತು. ಮಾಡಿದ ಚಟ್ನಿಯನ್ನು ಟ್ಯಾಂಕಿನ ಹಿಂದೆ ಜಾಡಿಯಲ್ಲಿ ಇಡುತ್ತಿದ್ದೆ. ಅದು ನಾನು ತಿನ್ನುವುದಕ್ಕಿಂತ ಬೇಗ ಕರಗುತ್ತಿತ್ತು. ವನಮಾಲ ಖಾರ ತಿನ್ನುವವಳಲ್ಲ. ಮಾವನ ಮೇಲೆ ಅನುಮಾನಪಟ್ಟೆ, ಪಾಪ, ಅವರ ಮೀನು ಜಹಾಂಗೀರು ಬಿಟ್ಟಿರಲಿಲ್ಲ.

ಅದೇ ದಿನಗಳಲ್ಲಿ ಅತ್ತೆಯ ಮೀನು ಬರುವುದನ್ನು ನಿಲ್ಲಿಸಿತು. ಅವರ ಮೀನು ಹುಟ್ಟಿದಾಗಿನಿಂದ ಕಾಯಿ ಬೆಲ್ಲದ ಉಂಡೆಗೆ ಬರುತ್ತಿದ್ದ ಅಚ್ಚಬಿಳಿಯ ದುಂಡು ಮೀನು. ಒಂದು ಭಾನುವಾರ ಬರಲಿಲ್ಲ. ಗಾಳ ಮೊಂಡಾಗಿದೆ ಅಂದರು ಅತ್ತೆ. ಮುಂದಿನ ವಾರ ನೀರು ಕಲಕಿದೆ ಅಂದರು. ಅದರ ಮುಂದಿನ ವಾರ ಕಡಲೆಕಾಯಿ ಮಾರುವವನ ಗಂಟೆಯ ಮೇಲೆ ತಪ್ಪು ಹೊರಿಸಿದರು. ಒಬ್ಬಟ್ಟು, ಕಡುಬು, ಕಜ್ಜಾಯ, ನನಗೆ ಮಾಡಿದ್ದನ್ನೆಲ್ಲ ಈಗ ತಮಗೆ ಮಾಡಿಕೊಂಡು ನೋಡಿದರು. ಬಿಳಿ ಮೀನು ಮೂರು ಮೆಟ್ಟಿಲ ಆಚೆ ಬಂದು ನಿಂತು ನೋಡಿ ಹೋಗುತ್ತಿತ್ತು.

ಊರಿನ ರೀತಿ ಎಲ್ಲರಿಗೂ ಒಂದೇ. ಮುಂದೊಂದು ಭಾನುವಾರ ಅತ್ತೆ ದಂಡೆಗೆ ಬರುತ್ತಿದ್ದಂತೆ ಡಾಕ್ಟರು ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. "ಬನ್ನಿ ಅಮ್ಮಾ, ನೆರಳಲ್ಲಿ ಕೂತ್ಕೊಳ್ಳಿ, ದಣಿದಿದ್ದೀರಿ." ಅತ್ತೆ ಗಾಳ ಹಾಕಿ ಬಹಳ ಹೊತ್ತು ಕೂತರು. ಎದುರು ಮನೆಯಾಕೆ ನಯವಾಗಿ ಬಗ್ಗಿ ಅವರ ಕೈಗೆ ಕಾಫಿ ಕೊಟ್ಟಳು. ಬೆಳ್ಳಿ ಲೋಟ. ಅತ್ತೆ ಆ ಲೋಟವನ್ನೇ ನೋಡಿದರು. ತನ್ನದೆಂದುಕೊಂಡ ಊರಿನಲ್ಲಿ ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುವುದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಅವರು ಲೋಟವನ್ನು ಪಕ್ಕಕ್ಕಿಟ್ಟರು. ನೀರಿನ ಕಡೆಗೇ ಮುಖ ಮಾಡಿಕೊಂಡು ಒಂದು ಕೈಯನ್ನು ಹಿಂದಕ್ಕೆ ಚಾಚಿದರು.

"ಕೊಡೋ ಇತ್ಲಾಗೆ."

"ಏನು ಅತ್ತೆ?"

"ನಿನ್ನ ಡಬ್ಬಿ ಕಣೋ. ಮರದ ಹಂಗೆ ಏನ್ ನಿಂತಿದೀಯ?"

ಕೊಟ್ಟೆ. ರೊಟ್ಟಿಯ ಚೂರು ನೀರಿಗೆ ಬಿದ್ದದ್ದಷ್ಟೇ, ಬಿಳಿ ಮೀನು ಮೂರು ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ದಾಟಿ ಬಂತು. ಅತ್ತೆ ಅದನ್ನು ಎತ್ತಿ ಹಿಡಿದರು. ಮೀನಿನ ಬಾಯಿ ಕೆಂಪಗಾಗಿತ್ತು. ಜನ ಕೇಕೆ ಹಾಕಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಮೀನಿನ ಬೆನ್ನು ಸವರಿ ನೀರಿಗೆ ಬಿಟ್ಟ ಮೇಲೆ ಅತ್ತೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಬೆಳ್ಳುಳ್ಳಿ ಜಾಸ್ತಿ ಆಗಿದೆ," ಅಂದರು. "ಹೇಳೋರು ಕೇಳೋರು ಇಲ್ದೆ ಮಾಡಿದ ಅಡಿಗೆ ಹಿಂಗೇ ಆಗೋದು."

ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಹೇಳಿಯೇಬಿಟ್ಟೆ. "ನಿಮ್ಮ ಸಾರಿಗೆ ಬೆಲ್ಲ ಭಾಳ ಆಗ್ತದ್ರಿ ಅತ್ತಿ."

ವನಮಾಲ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ಶಾಲನ್ನು ಕಿವಿಯ ತನಕ ಎಳೆದುಕೊಂಡರು. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಕೈಲಿದ್ದ ಗಾಳದ ಕೋಲಿನಿಂದ ನನ್ನ ಮೀನಖಂಡಕ್ಕೆ ಒಂದು ಬಿಟ್ಟರು. ಚುರುಕ್ ಅಂತು. ಇಡೀ ಊರು ನೋಡುತ್ತಿತ್ತು, ಒಬ್ಬರೂ ಬಿಡಿಸಲು ಬರಲಿಲ್ಲ.